ಗುಡ್ಡ ಜರಿಯುವ ಮೊದಲು ಯಾರಿಗೆ ಗೊತ್ತಿರುತ್ತದೆ?

ತಲಪಾಡಿಯಲ್ಲಿ ಕೇರಳದ ಗಡಿ ದಾಟಿದವರಿಗೆ ಚೆಂಗಳದವರೆಗಿನ 39 ಕಿಲೋಮೀಟರು ಈಗ ಆರು ಪಥದ ಹೆದ್ದಾರಿ. ಮಂಜೇಶ್ವರ, ಉಪ್ಪಳ, ಕುಂಬಳೆ ಒಂದೊಂದಾಗಿ ಹಿಂದೆ ಸರಿಯುತ್ತವೆ. ಕಾಸರಗೋಡು ಪೇಟೆಯನ್ನು ಒಂದೇ ಸಾಲು ಕಂಬಗಳ ಮೇಲೆ ನಿಂತ ಮೇಲ್ಸೇತುವೆ ದಾಟಿಸುತ್ತದೆ. ಚೆಂಗಳದ ಆಚೆ ಕಥೆ ಬೇರೆ. ಬೇವಿಂಜೆ, ತೆಕ್ಕಿಲ್ ಕಡೆ ಗುಡ್ಡ ಕಡಿದ ಜಾಗಗಳಲ್ಲಿ 2025ರ ಮಳೆಗಾಲದಲ್ಲಿ ಮಣ್ಣು ಜರಿಯಿತು. ಇನ್ನೂ ದಕ್ಷಿಣಕ್ಕೆ, ಚೆರುವತ್ತೂರಿನ ಮಟ್ಟಲಾಯಿಯಲ್ಲಿ ಮೇ ತಿಂಗಳಲ್ಲಿ ಕುಸಿದ ಮಣ್ಣಿನಡಿ ಸಿಕ್ಕಿ ಒಬ್ಬ ಕಾರ್ಮಿಕ ಸತ್ತ. ಜೂನ್‌ನಲ್ಲಿ ಚೆರುವತ್ತೂರಿನಲ್ಲೇ ಮತ್ತೆ ಇಳಿಜಾರು ಕುಸಿಯಿತು. ಆಗ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರ, ಆ ಭಾಗದ ಗುತ್ತಿಗೆದಾರರಾದ ಮೇಘಾ ಇಂಜಿನಿಯರಿಂಗ್ ಕಂಪೆನಿಯನ್ನು ಹೊಸ ಟೆಂಡರುಗಳಿಂದ ಹೊರಗಿಟ್ಟಿತು. ಒಂದು ವರ್ಷದ ನಿಷೇಧ ಮತ್ತು 9 ಕೋಟಿ ರೂಪಾಯಿವರೆಗಿನ ದಂಡ ಏಕೆ ಹಾಕಬಾರದು ಎಂದು ನೋಟಿಸನ್ನೂ ಕೊಟ್ಟಿತು. ವಿನ್ಯಾಸ ಸರಿಯಿಲ್ಲ, ಇಳಿಜಾರಿನ ರಕ್ಷಣೆ ಸಾಲದು, ನೀರು ಹರಿಯುವ ವ್ಯವಸ್ಥೆ ಕಳಪೆ ಎಂಬುದು ಪ್ರಾಧಿಕಾರ ಕೊಟ್ಟ ಕಾರಣ.

ಈ ಸುದ್ದಿ ಓದಿದವರಲ್ಲಿ ಎರಡು ಗೊಂದಲ ಉಳಿದುಕೊಂಡವು. ನಿಷೇಧವಾದ ಕಂಪೆನಿಯ ಯಂತ್ರಗಳು ಮರುದಿನವೂ ಅದೇ ಜಾಗದಲ್ಲಿ ಓಡುತ್ತಿರುವುದು ಹೇಗೆ? ತಲಪಾಡಿ–ಚೆಂಗಳ ಭಾಗವನ್ನು ಕಟ್ಟಿದ್ದು ಊರಾಳುಂಗಲ್ ಎಂಬ ಒಂದು ಸಹಕಾರಿ ಸಂಘವಂತೆ. ನಮ್ಮೂರಿನಲ್ಲಿ ಬೆಳೆಸಾಲ ಕೊಡುವ, ಗೊಬ್ಬರ ಮಾರುವ ಸಂಘದ ಜಾತಿಯದೇ ಒಂದು ಸಂಘ ಆರು ಪಥದ ರಸ್ತೆ ಕಟ್ಟುವುದೆಂದರೇನು? ಎರಡಕ್ಕೂ ಉತ್ತರ ಹುಡುಕುತ್ತ ಹೋದರೆ ರಸ್ತೆ ಹಿಂದುಳಿಯುತ್ತದೆ, ಸಂಸ್ಥೆಗಳ ಒಳಗಿನ ರೀತಿ ರಿವಾಜು ಮುಂದೆ ಬರುತ್ತದೆ. ಆಡಳಿತಶಾಸ್ತ್ರದವರು ಕಾರ್ಪೊರೇಟ್ ಸಂಸ್ಕೃತಿ ಎಂದು ಕರೆಯುವುದು ಇದನ್ನೇ. ಆ ಮಾತು ಕೇಳಿದರೆ ಬೆಂಗಳೂರಿನ ಗಾಜಿನ ಕಟ್ಟಡ, ಕೊರಳಲ್ಲಿ ಗುರುತುಚೀಟಿ ನೆನಪಾಗಬಹುದು. ಆದರೆ ಅದು ಕಾಸರಗೋಡಿನ ಮುರಕಲ್ಲಿನ ಗುಡ್ಡದಲ್ಲೂ ಇದೆ, ಗೇರು ತೋಟದಲ್ಲೂ ಇದೆ.

ನಿಷೇಧವಾದ ಮೇಲೂ ಜೆಸಿಬಿ ಓಡುವುದೇಕೆ

ಮೊದಲ ಗೊಂದಲ ಸುಲಭದ್ದು. ಪ್ರಾಧಿಕಾರದ ಇಂಥ ಆದೇಶ ಹೊಸ ಕೆಲಸಗಳಿಗೆ ಮಾತ್ರ ಅನ್ವಯಿಸುತ್ತದೆ; ಕೈಯಲ್ಲಿರುವ ಕೆಲಸವನ್ನು ಕಿತ್ತುಕೊಳ್ಳುವುದಿಲ್ಲ. ಇಲ್ಲಿನ ಗುತ್ತಿಗೆಗಳು ಹೈಬ್ರಿಡ್ ಆನ್ಯುಯಿಟಿ ಎಂಬ ಮಾದರಿಯವು. ಯೋಜನಾ ವೆಚ್ಚದ 40 ಶೇಕಡಾವನ್ನು ಕಾಮಗಾರಿ ನಡೆಯುತ್ತಿರುವಾಗ ಕಂತುಗಳಲ್ಲಿ ಕೊಡುತ್ತಾರೆ. ಉಳಿದ 60 ಶೇಕಡಾವನ್ನು ಗುತ್ತಿಗೆದಾರರೇ ಹೊಂದಿಸಿಕೊಂಡು ರಸ್ತೆ ಮುಗಿಸಬೇಕು. ಪ್ರಾಧಿಕಾರ ಅದನ್ನು ಬಡ್ಡಿ ಸಮೇತ 15 ವರ್ಷಗಳಲ್ಲಿ ತೀರಿಸುತ್ತದೆ. ಆ 15 ವರ್ಷವೂ ನಿರ್ವಹಣೆ ಗುತ್ತಿಗೆದಾರರದೇ. ಟೋಲ್ ಮಾತ್ರ ಪ್ರಾಧಿಕಾರಕ್ಕೆ ಹೋಗುತ್ತದೆ, ರಸ್ತೆ ಕಟ್ಟಿದವರಿಗೆ ಅಲ್ಲ. ಕುಂಬಳೆ ಹತ್ತಿರದ ಆರಿಕ್ಕಾಡಿಯ ಟೋಲ್ ತಕರಾರಿನಲ್ಲಿ ಕಟ್ಟಿದ ಸಂಘವನ್ನು ಬಯ್ದವರು ಇದನ್ನು ಗಮನಿಸಬೇಕಿತ್ತು.

ಕಾಗದದ ಮೇಲೆ ಇದು ಜಾಣತನದ ಏರ್ಪಾಡು. ಇಂದು ಕಳಪೆ ಕೆಲಸ ಮಾಡಿದವರೇ ನಾಳೆ ರಿಪೇರಿಯ ಖರ್ಚು ಹೊರಬೇಕು, ಆದ್ದರಿಂದ ಯಾರೂ ಕಳಪೆ ಮಾಡಲಾರರು ಎಂಬುದು ಲೆಕ್ಕ. ಹಾಗಿದ್ದರೂ ಗುಡ್ಡ ಜರಿಯಿತು. ಚೆರುವತ್ತೂರಿನಲ್ಲಷ್ಟೇ ಅಲ್ಲ, 2025ರ ಮೇ 19ರಂದು ಮಲಪ್ಪುರಂ ಜಿಲ್ಲೆಯ ಕೂರಿಯಾಡಿನಲ್ಲಿ ಬೇರೊಂದು ಕಂಪೆನಿಯ ಗುತ್ತಿಗೆಯಲ್ಲಿದ್ದ ಹೆದ್ದಾರಿಯೂ ಕುಸಿಯಿತು.

ಲೆಕ್ಕ ತಪ್ಪಿದ್ದೆಲ್ಲಿ? ಒಪ್ಪಂದಕ್ಕೆ ಸಹಿ ಹಾಕುವುದು ಕಂಪೆನಿ; ಗುಡ್ಡ ಕಡಿಯುವುದು ಮನುಷ್ಯರು. ಹತ್ತನೆಯ ವರ್ಷದಲ್ಲಿ ನಷ್ಟ ಹೊರಬೇಕಾದದ್ದು ಕಂಪೆನಿ. ಆದರೆ ಈ ತಿಂಗಳು ಇಷ್ಟು ಮೀಟರ್ ಮುಗಿಸದಿದ್ದರೆ ಬೈಗಳು ತಿನ್ನಬೇಕಾದದ್ದು ಒಬ್ಬ ಇಂಜಿನಿಯರ್, ಅವನ ಕೈಕೆಳಗಿನ ಒಬ್ಬ ಮೇಲ್ವಿಚಾರಕ. ಹತ್ತನೆಯ ವರ್ಷ ಬರುವಾಗ ಅವರಿಬ್ಬರೂ ಬೇರೆ ಯಾವುದೋ ರಾಜ್ಯದಲ್ಲಿ, ಬೇರೆ ಯಾವುದೋ ಕಂಪೆನಿಯಲ್ಲಿರುತ್ತಾರೆ. ಕಂಪೆನಿಯ ಹಿತಕ್ಕೂ ಕೆಲಸದವನ ಹಿತಕ್ಕೂ ನಡುವೆ ಇರುವ ಈ ಸಂದನ್ನು ಯಾವ ಒಪ್ಪಂದದ ಷರತ್ತೂ ಪೂರ್ತಿ ಮುಚ್ಚಲಾರದು. ಮುಚ್ಚಿದರೆ ಅದನ್ನು ಸಂಸ್ಥೆಯ ಒಳಗಿನ ವಾಡಿಕೆ ಮುಚ್ಚಬೇಕು.

ಇದು ಯಾವ ಸಂಘ

ಊರಾಳುಂಗಲ್ ಲೇಬರ್ ಕಾಂಟ್ರಾಕ್ಟ್ ಕೋ-ಆಪರೇಟಿವ್ ಸೊಸೈಟಿ ಹುಟ್ಟಿದ್ದು 1925ರಲ್ಲಿ, ಕೋಯಿಕ್ಕೋಡ್ ಜಿಲ್ಲೆಯ ವಡಕರದ ಹತ್ತಿರ. ವಾಗ್ಭಟಾನಂದ ಎಂಬ ಸುಧಾರಕರ ಆತ್ಮವಿದ್ಯಾ ಸಂಘ ಜಾತಿಪದ್ಧತಿಯನ್ನೂ ಮೂಢಾಚಾರಗಳನ್ನೂ ಪ್ರಶ್ನಿಸುತ್ತಿದ್ದ ಕಾಲ. ಅವರ ಅನುಯಾಯಿಗಳಾದ ಕೂಲಿಕಾರರಿಗೆ ಊರಿನ ಭೂಮಾಲಕರು ಕೆಲಸ ಕೊಡುವುದನ್ನು ನಿಲ್ಲಿಸಿದರು. ಕೊಡುವವರಿಲ್ಲದಿದ್ದರೆ ನಾವೇ ಕೆಲಸ ಹಿಡಿಯೋಣ ಎಂದು 14 ಜನ ಸೇರಿದರು. ಬಂಡವಾಳ ಆರು ಆಣೆ.

ನೂರು ವರ್ಷದ ನಂತರ ಅದು ರಸ್ತೆ, ಸೇತುವೆ, ಕಟ್ಟಡಗಳ ದೊಡ್ಡ ಗುತ್ತಿಗೆದಾರ ಸಂಸ್ಥೆ, ಐ.ಟಿ. ಪಾರ್ಕನ್ನೂ ನಡೆಸುತ್ತದೆ. ಗಾತ್ರ ಬದಲಾದರೂ ಕೆಲವು ವಾಡಿಕೆ ಬದಲಾಗಿಲ್ಲ. ನಿರ್ದೇಶಕರನ್ನು ಸದಸ್ಯ ಕಾರ್ಮಿಕರೇ ಆರಿಸುತ್ತಾರೆ, ತಮ್ಮೊಳಗಿಂದಲೇ. ಹಾಗೆ ಆರಿಸಿ ಬಂದವರು ಹಗಲು ಕಾಮಗಾರಿಯ ಜಾಗದಲ್ಲಿದ್ದು, ಸಂಜೆ ಒಟ್ಟು ಕೂತು ಆ ದಿನದ ಕೆಲಸ, ಸಾಮಾನು, ತೊಡಕುಗಳ ಮಾತಾಡುತ್ತಾರೆ. ಪ್ರತಿ ಕೆಲಸದ ಜಾಗಕ್ಕೂ ಕಾರ್ಮಿಕರ ನಡುವಿನಿಂದ ಬಂದ ಒಬ್ಬ ಲೀಡರ್ ಇರುತ್ತಾನೆ; ಇಂಜಿನಿಯರ್ ಅವನ ಜೊತೆಗೇ ಕೆಲಸ ನಡೆಸಬೇಕು.

ಕಂಪೆನಿಯಲ್ಲಿ ನಿರ್ದೇಶಕ ಮಂಡಳಿ ಮೂರು ತಿಂಗಳಿಗೊಮ್ಮೆ ಹವಾನಿಯಂತ್ರಿತ ಕೋಣೆಯಲ್ಲಿ ಸೇರುತ್ತದೆ. ಅದರ ಮುಂದೆ ಬರುವ ವರದಿ ಐದಾರು ಕೈ ದಾಟಿ ಬಂದಿರುತ್ತದೆ. ಒಂದೊಂದು ಕೈಯೂ ಒಂದಿಷ್ಟು ಸುಣ್ಣ ಬಳಿದಿರುತ್ತದೆ. ಇಲ್ಲಿ ಮಣ್ಣು ಕಂಡ ಕಣ್ಣೇ ಸಂಜೆ ಮಂಡಳಿಯಲ್ಲಿ ಕೂತಿರುತ್ತದೆ.

ಜನ ಕೊಡುವ ಎರಡು ಉತ್ತರ

ಉತ್ತರದ ಭಾಗ ಮೊದಲು ಮುಗಿಯುವ ಹಂತಕ್ಕೆ ಬಂದು, ದಕ್ಷಿಣದ ಎರಡು ಭಾಗ ಎಡವಿದ್ದಕ್ಕೆ ಕಾಸರಗೋಡಿನಲ್ಲಿ ಸಾಮಾನ್ಯವಾಗಿ ಕೇಳುವ ವಿವರಣೆ ಎರಡು.

ಮೊದಲನೆಯದು ಸಹಕಾರಿ ಪಕ್ಷದವರದು. ಮಾಲೀಕನೇ ಕೆಲಸಗಾರ, ಕೆಲಸಗಾರನೇ ಮಾಲೀಕ. ಲಾಭವನ್ನು ಹೈದರಾಬಾದಿಗೋ ಮುಂಬೈಗೋ ಕಳಿಸಬೇಕಾಗಿಲ್ಲ. ಆದ್ದರಿಂದ ಕೆಲಸ ಗಟ್ಟಿ. ಎರಡನೆಯದು ಇದಕ್ಕೆ ವಿರುದ್ಧ. ಸಂಘಕ್ಕೆ ಆಗ ಆಳುತ್ತಿದ್ದ ಎಡಪಕ್ಷದ ಆಶೀರ್ವಾದವಿತ್ತು, ರಾಜ್ಯ ಸರಕಾರದ ಕೆಲಸಗಳು ಅದಕ್ಕೆ ಸುಲಭವಾಗಿ ಸಿಕ್ಕಿದವು, ಸಹಕಾರಿ ಎಂಬ ಹೆಸರಿನಲ್ಲಿ ಅದೂ ಒಂದು ದೊಡ್ಡ ಗುತ್ತಿಗೆ ಕಂಪೆನಿಯೇ. ಸದಸ್ಯರಲ್ಲದ ವಲಸೆ ಕಾರ್ಮಿಕರು ಅದರಲ್ಲೂ ದೊಡ್ಡ ಸಂಖ್ಯೆಯಲ್ಲಿ ದುಡಿಯುತ್ತಾರೆ, ಅವರಿಗೆ ಮತವಿಲ್ಲ ಎಂಬ ಟೀಕೆಯೂ ಇದರೊಂದಿಗೆ ಬರುತ್ತದೆ.

ಎರಡರಲ್ಲೂ ಸತ್ಯವಿದೆ, ಎರಡೂ ಸಾಲವು. ರಾಜಕೀಯ ಆಶೀರ್ವಾದದಿಂದ ರಾಜ್ಯದ ಗುತ್ತಿಗೆ ಸಿಕ್ಕೀತು, ಆದರೆ ಹೆದ್ದಾರಿಯ ಈ ಭಾಗ ಕೇಂದ್ರದ ಪ್ರಾಧಿಕಾರ ಟೆಂಡರ್ ಕರೆದು ಕೊಟ್ಟದ್ದು. ಆಶೀರ್ವಾದದಿಂದ ಕಾಂಕ್ರೀಟು ಗಟ್ಟಿಯಾಗುವುದೂ ಇಲ್ಲ. ಹಾಗೆಂದು ಸಹಕಾರಿ ಎಂದ ಮಾತ್ರಕ್ಕೆ ಎಲ್ಲ ಸರಿಯಿರುತ್ತದೆ ಎನ್ನುವವರು ಕೇರಳದ್ದೇ ಕರುವನ್ನೂರು ಸಹಕಾರಿ ಬ್ಯಾಂಕಿನ ಹಗರಣವನ್ನು ಮರೆಯಬೇಕಾಗುತ್ತದೆ. ಭೂಮಿಯ ಸ್ವಭಾವವೂ ಒಂದು ಕಾರಣ: ಚೆಂಗಳದ ದಕ್ಷಿಣಕ್ಕೆ ಎತ್ತರದ ಗುಡ್ಡಗಳನ್ನು ಕಡಿಯಬೇಕಾದ ಜಾಗಗಳು ಹೆಚ್ಚು. ಯಾರು ಕಟ್ಟಿದ್ದರೂ ಅಲ್ಲಿ ಕಷ್ಟ ಇತ್ತು. ಕಷ್ಟ ಎದುರಾದಾಗ ಸಂಸ್ಥೆಯೊಳಗೆ ಏನು ನಡೆಯುತ್ತದೆ ಎಂಬಲ್ಲಿಂದ ವ್ಯತ್ಯಾಸ ಶುರುವಾಗುತ್ತದೆ.

ಶೇಡಿ ಮಣ್ಣಿನ ಎದುರು ನಿಂತವನು

ಕರಾವಳಿಯ ಗುಡ್ಡದ ಹೊಟ್ಟೆ ಬಾವಿ ತೋಡಿದವರಿಗೆಲ್ಲ ಗೊತ್ತು. ಮೇಲೆ ಮುರಕಲ್ಲಿನ ಗಟ್ಟಿ ಚಿಪ್ಪು. ಅದರ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಗೋಡೆಯ ಹಾಗೆ ನಿಲ್ಲುತ್ತದೆ. ನೀರು ಕುಡಿದರೆ ಬೆಣ್ಣೆ. ಗುಡ್ಡವನ್ನು ನೆಟ್ಟಗೆ ಕಡಿದು, ಮೇಲಿನ ನೀರಿಗೆ ದಾರಿ ಮಾಡದೆ ಬಿಟ್ಟರೆ, ಮಳೆಯ ನೀರು ಮುರಕಲ್ಲಿನ ಬಿರುಕುಗಳಲ್ಲಿ ಇಳಿದು ಶೇಡಿಯನ್ನು ಸಡಿಲಿಸುತ್ತದೆ. ಮೇಲಿನ ಚಿಪ್ಪು ತನ್ನ ಭಾರಕ್ಕೇ ಕೆಳಗೆ ಬರುತ್ತದೆ. ಇಳಿಜಾರಿಗೆ ಕಬ್ಬಿಣದ ಸರಳು ಹೊಡೆದು ಸಿಮೆಂಟು ಸಿಂಪಡಿಸಿದರೂ, ಒಳಗಿನ ನೀರು ಹೊರಬರಲು ತೂತುಗಳಿಲ್ಲದಿದ್ದರೆ ಆ ಸಿಮೆಂಟಿನ ಹೊದಿಕೆಯೂ ಮಣ್ಣಿನ ಜೊತೆ ಇಳಿಯುತ್ತದೆ.

ಈಗ ಇಂಥ ಒಂದು ಗುಡ್ಡದ ಬುಡದಲ್ಲಿ ಜೆಸಿಬಿ ನಡೆಸುವವನನ್ನು ಊಹಿಸಿಕೊಳ್ಳಿ. ಮೇ ತಿಂಗಳ ಎರಡು ಮಳೆ ಬಿದ್ದಿದೆ. ಕಡಿದ ಗೋಡೆಯ ಅರ್ಧ ಎತ್ತರದಲ್ಲಿ ಒಂದು ಗೆರೆಯಲ್ಲಿ ನೀರು ಒಸರುತ್ತಿದೆ, ನಿನ್ನೆ ಅದು ಇರಲಿಲ್ಲ. ಅವನಿಗೆ ಮಣ್ಣುಶಾಸ್ತ್ರ ಗೊತ್ತಿಲ್ಲದಿರಬಹುದು, ಆದರೆ ಇದು ಒಳ್ಳೆಯ ಲಕ್ಷಣ ಅಲ್ಲ ಎಂದು ಗೊತ್ತು. ಹೇಳಬೇಕೋ ಬೇಡವೋ?

ಹೇಳಿದರೆ ಕೆಲಸ ನಿಲ್ಲುತ್ತದೆ. ಯಂತ್ರ ಬಾಡಿಗೆಯದು, ಗಂಟೆಯ ಲೆಕ್ಕ. ಅವನು ಉಪಗುತ್ತಿಗೆದಾರನ ಆಳು. ಉಪಗುತ್ತಿಗೆದಾರನಿಗೆ ದುಡ್ಡು ತೆಗೆದ ಮಣ್ಣಿನ ಲೆಕ್ಕದಲ್ಲಿ, ನಿಂತ ಗುಡ್ಡದ ಲೆಕ್ಕದಲ್ಲಿ ಅಲ್ಲ. ಮೇಲ್ವಿಚಾರಕನಿಗೆ ಹೇಳಿದರೆ ಅವನು ನೋಡಿ, ‘ಇನ್ನು ನಾಲ್ಕು ದಿನ, ಮುಗಿಸಿಬಿಡು’ ಎನ್ನಬಹುದು. ಮೇಲ್ವಿಚಾರಕ ಕೆಟ್ಟವನೇನಲ್ಲ. ವಾರದ ವರದಿಯಲ್ಲಿ ‘ಕೆಲಸ ನಿಲ್ಲಿಸಿದೆ’ ಎಂದು ಬರೆದ ಹಿಂದಿನ ಮೇಲ್ವಿಚಾರಕನಿಗೆ ಏನಾಯಿತು ಎಂದು ಅವನು ನೋಡಿರುತ್ತಾನೆ. ಅವನ ಮೇಲಿನ ಯೋಜನಾ ವ್ಯವಸ್ಥಾಪಕ ‘ಸಮಸ್ಯೆ ಇದ್ದರೆ ನನ್ನ ಬಾಗಿಲು ಸದಾ ತೆರೆದಿದೆ’ ಎಂದು ನಿಜಮನಸ್ಸಿನಿಂದಲೇ ಹೇಳಿರಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಇದು ಯಾವುದೋ ಒಂದು ಕಂಪೆನಿಯ ಮೇಲಿನ ಆರೋಪ ಅಲ್ಲ. ಚೆರುವತ್ತೂರಿನಲ್ಲಿ ಹೀಗೇ ಆಯಿತು ಎನ್ನುವುದೂ ಅಲ್ಲ. ಕೆಲಸ ಕೈಯಿಂದ ಕೈಗೆ ಇಳಿಯುತ್ತ ಹೋಗುವ ಎಲ್ಲ ಕಡೆ ಇರುವ ಅಪಾಯ. ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ 2025ರ ಆಗಸ್ಟ್‌ನ ವರದಿಯಲ್ಲಿ ಹೆದ್ದಾರಿಗಳ ಉಪಗುತ್ತಿಗೆ ಪದ್ಧತಿಯನ್ನು ಪ್ರಶ್ನಿಸಿತು. ಉಪಗುತ್ತಿಗೆಯಿಂದ ಹಣ ಸೋರುತ್ತದೆ ಎಂಬುದು ಎಲ್ಲರಿಗೂ ಕಾಣುವ ದೂರು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡ ಸೋರಿಕೆ ಸುದ್ದಿಯದು. ಪ್ರತಿ ಹಂತದಲ್ಲೂ ಕೆಟ್ಟ ಸುದ್ದಿ ಒಂದಿಷ್ಟು ಇಂಗುತ್ತದೆ. ತುದಿಗೆ ತಲುಪುವಾಗ ಒಣ ಕಾಗದ ಉಳಿದಿರುತ್ತದೆ.

ಗೋಡೆಯ ಮೇಲಿನ ಫಲಕ

ಎಂ.ಐ.ಟಿ.ಯಲ್ಲಿ ಪಾಠ ಮಾಡುತ್ತಿದ್ದ ಎಡ್ಗರ್ ಶೈನ್ ಸಂಸ್ಥೆಯ ಸಂಸ್ಕೃತಿಯನ್ನು ಮೂರು ಪದರಗಳಾಗಿ ಬಿಡಿಸಿ ತೋರಿಸಿದರು. ಮೇಲಿನದು ಕಣ್ಣಿಗೆ ಕಾಣುವಂಥದ್ದು: ಕಟ್ಟಡ, ಸಮವಸ್ತ್ರ, ಕೂರುವ ಕ್ರಮ. ನಡುವಿನದು ಬಾಯಲ್ಲಿ ಹೇಳುವಂಥದ್ದು: ‘ಸುರಕ್ಷತೆಗೆ ಮೊದಲ ಆದ್ಯತೆ’ ಎಂಬ ಫಲಕ. ಅಡಿಯದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿರುವಂಥದ್ದು: ಇಲ್ಲಿ ಯಾರು ಮೇಲೆ ಹೋಗುತ್ತಾರೆ, ಯಾರು ಮೂಲೆಗೆ ಬೀಳುತ್ತಾರೆ. ಮೊದಲ ಎರಡು ಪದರ ಬದಲಿಸಲು ಒಬ್ಬ ಬಣ್ಣದವನು ಸಾಕು. ಮೂರನೆಯದೇ ಸಂಸ್ಥೆಯನ್ನು ನಡೆಸುವುದು. ಹೇಳುವುದು ಶಾಸ್ತ್ರ, ಹಾಕುವುದು ಗಾಳ ಎಂಬ ಗಾದೆ ಇರುವ ಭಾಷೆಯವರಿಗೆ ಈ ಸಿದ್ಧಾಂತ ಅಷ್ಟೇನೂ ಹೊಸದಲ್ಲ.

ಶೈನ್ ಇನ್ನೊಂದು ಮಾತು ಸೇರಿಸಿದ್ದರು: ಸಂಸ್ಥೆ ಎಳೆಯದಾಗಿದ್ದಾಗ ನಾಯಕ ಸಂಸ್ಕೃತಿಯನ್ನು ರೂಪಿಸುತ್ತಾನೆ, ಬಲಿತ ಮೇಲೆ ಸಂಸ್ಕೃತಿಯೇ ಎಂಥವನು ನಾಯಕನಾಗಬಹುದು ಎಂದು ನಿರ್ಧರಿಸುತ್ತದೆ. ಹೊಸ ವ್ಯವಸ್ಥಾಪಕ ಬಂದ ಮೇಲೂ ಕಚೇರಿ ಹಾಗೇ ಉಳಿಯುವುದೇಕೆ ಎಂಬುದಕ್ಕೆ ಇದಕ್ಕಿಂತ ನೇರ ಉತ್ತರ ಸಿಗದು.

ಸುದ್ದಿಯ ಹರಿವಿನ ಬಗ್ಗೆಯೇ ತಲೆ ಕೆಡಿಸಿಕೊಂಡವರು ಅಮೆರಿಕದ ಸಮಾಜಶಾಸ್ತ್ರಜ್ಞ ರಾನ್ ವೆಸ್ಟ್ರಮ್. ವಿಮಾನಯಾನ, ಆಸ್ಪತ್ರೆಯಂಥ ಅಪಾಯದ ಕ್ಷೇತ್ರಗಳನ್ನು ನೋಡಿ ಅವರು ಸಂಸ್ಥೆಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಒಂದು ಬಗೆಯಲ್ಲಿ ಕೆಟ್ಟ ಸುದ್ದಿ ತಂದವನಿಗೇ ಶಿಕ್ಷೆ. ಇನ್ನೊಂದರಲ್ಲಿ ಶಿಕ್ಷೆ ಇಲ್ಲ, ಅವನ ಅರ್ಜಿ ಕಡತಕ್ಕೆ ಸೇರಿ ಅಲ್ಲೇ ಮಲಗುತ್ತದೆ. ಮೂರನೆಯದರಲ್ಲಿ ಸುದ್ದಿ ತರುವುದನ್ನು ಹೇಳಿಕೊಡುತ್ತಾರೆ. ನಮ್ಮ ಸರಕಾರಿ ಸಂಸ್ಥೆಗಳು ಎರಡನೆಯ ಬಗೆಯಲ್ಲಿ ಪಳಗಿವೆ.

ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಅವರಿಗೆ 1990ರ ದಶಕದಲ್ಲಿ ಆಸ್ಪತ್ರೆಗಳ ಅಧ್ಯಯನದಲ್ಲಿ ಸಿಕ್ಕ ಫಲ ಇನ್ನೂ ಸ್ವಾರಸ್ಯದ್ದು. ಒಳ್ಳೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳು ಕಡಿಮೆ ಇರುತ್ತವೆ ಎಂದು ಅವರು ಎಣಿಸಿದ್ದರು. ಅಂಕಿಗಳು ತಿರುಗುಮುರುಗಾದವು: ಒಳ್ಳೆಯ ತಂಡಗಳಲ್ಲೇ ತಪ್ಪುಗಳ ಸಂಖ್ಯೆ ಹೆಚ್ಚು. ಹತ್ತಿರದಿಂದ ನೋಡಿದಾಗ ತಿಳಿದದ್ದು, ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದವು ಎಂದಲ್ಲ, ಮಾಡಿದ ತಪ್ಪನ್ನು ಹೇಳುತ್ತಿದ್ದವು. ಆದ್ದರಿಂದ ‘ನಮ್ಮಲ್ಲಿ ದೂರುಗಳೇ ಇಲ್ಲ’ ಎಂದು ಒಬ್ಬ ಮುಖ್ಯಸ್ಥ ಎದೆ ತಟ್ಟಿ ಹೇಳಿದರೆ ಕೇಳುವವರು ಸ್ವಲ್ಪ ಹೆದರಿಕೊಳ್ಳುವುದು ಒಳ್ಳೆಯದು.

ಬೆದ್ರಡ್ಕದ ಕಾರ್ಖಾನೆ

ಹೆದ್ದಾರಿಯಿಂದ ತುಸು ಒಳಗೆ, ಮೊಗ್ರಾಲ್ ಪುತ್ತೂರು ಪಂಚಾಯತಿನ ಬೆದ್ರಡ್ಕದಲ್ಲಿ ಒಂದು ಕಾರ್ಖಾನೆ ಇದೆ. 1990ರಲ್ಲಿ ಕೇರಳ ಸರಕಾರದ ಕೆಲ್ ಎಂಬ ವಿದ್ಯುತ್ ಉಪಕರಣಗಳ ಸಂಸ್ಥೆಯ ಘಟಕವಾಗಿ ಶುರುವಾಯಿತು. ರೈಲ್ವೆಗೆ ಬೇಕಾದ ಆಲ್ಟರ್ನೇಟರುಗಳು ಅದರ ಮುಖ್ಯ ಉತ್ಪನ್ನ. 2011ರಲ್ಲಿ ಕೇಂದ್ರದ ಭಾರತ್ ಹೆವಿ ಇಲೆಕ್ಟ್ರಿಕಲ್ಸ್ (ಬಿ.ಎಚ್.ಇ.ಎಲ್.) 51 ಶೇಕಡಾ ಪಾಲು ಪಡೆದು ಒಡೆತನ ವಹಿಸಿತು. ನವರತ್ನ ಕಂಪೆನಿ ಬಂತು, ಇನ್ನು ಕಾಸರಗೋಡಿನ ದೆಸೆ ತಿರುಗಿತು ಎಂಬ ಮಾತು ಆಗ ಕೇಳಿತ್ತು. ಆದದ್ದು ನಷ್ಟ. 2020ರ ಮಾರ್ಚಿನಲ್ಲಿ ಲಾಕ್‌ಡೌನಿಗೆಂದು ಮುಚ್ಚಿದ ಬಾಗಿಲು ಮತ್ತೆ ತೆರೆಯಲೇ ಇಲ್ಲ. ಕಾರ್ಮಿಕರು ಸಂಬಳವಿಲ್ಲದೆ ಧರಣಿ ಕೂತರು. ಕೊನೆಗೆ ರಾಜ್ಯ ಸರಕಾರ ಬಿ.ಎಚ್.ಇ.ಎಲ್.ನ ಪಾಲನ್ನು ವಾಪಸು ಪಡೆದು 2022ರ ಏಪ್ರಿಲ್ 1ರಂದು ಮರಳಿ ತೆರೆಯಿತು.

ಲಾಭದಲ್ಲಿದ್ದ ಘಟಕವನ್ನು ಕೈಯಾರೆ ಹಾಳುಮಾಡಿದರು ಎಂಬುದು ಕಾರ್ಮಿಕ ಸಂಘಟನೆಗಳ ವಾದ. ಕೇಂದ್ರದ ದೃಷ್ಟಿಯಲ್ಲಿ ಅದು ನಷ್ಟದ, ಬಿಟ್ಟುಬಿಡಬೇಕಾದ ಒಂದು ಸಣ್ಣ ಆಸ್ತಿ. ಎರಡೂ ವಾದಗಳ ಬುಡದಲ್ಲಿ ಒಂದೇ ಸಂಗತಿ ಇದೆ: ದೇಶದ ತುಂಬ ದೈತ್ಯ ಬಾಯ್ಲರು, ಟರ್ಬೈನುಗಳನ್ನು ಮಾಡುವ ಸಂಸ್ಥೆಯ ದೃಷ್ಟಿಗೆ ಬೆದ್ರಡ್ಕ ಬೀಳುವುದೇ ಕಷ್ಟ. ಅಲ್ಲಿನ ಒಂದು ಆದೇಶ ತಪ್ಪಿದರೆ, ಒಂದು ಬಿಡಿಭಾಗ ತಡವಾದರೆ ಕಾರ್ಖಾನೆಯ ತಿಂಗಳೇ ಹಾಳು. ದೂರದ ಕಚೇರಿಗೆ ಅದು ಅಡಿಟಿಪ್ಪಣಿ. ಶೇರು ಕೈ ಬದಲಿಸಿದಷ್ಟು ಸುಲಭದಲ್ಲಿ ಗಮನ ಕೈ ಬದಲಿಸುವುದಿಲ್ಲ. ಕಂಪೆನಿಗಳ ವಿಲೀನಗಳು ಸೋಲುವಾಗ ಪತ್ರಿಕೆಗಳು ‘ಸಂಸ್ಕೃತಿಗಳು ಹೊಂದಲಿಲ್ಲ’ ಎಂದು ಬರೆಯುತ್ತವಲ್ಲ, ಅದರ ಅರ್ಥ ಬಹಳಷ್ಟು ಸಲ ಇಷ್ಟೇ: ಒಬ್ಬರಿಗೆ ಜೀವನ್ಮರಣದ ವಿಷಯ, ಇನ್ನೊಬ್ಬರಿಗೆ ಕಡತದ ಒಂದು ಹಾಳೆ.

ಗೇರು ತೋಟದ ಇಪ್ಪತ್ತು ವರ್ಷ

ಸುದ್ದಿ ಮೇಲಕ್ಕೆ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಈ ಜಿಲ್ಲೆಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ರಾಜ್ಯ ಸರಕಾರದ ಪ್ಲಾಂಟೇಷನ್ ಕಾರ್ಪೊರೇಷನ್ ಇಲ್ಲಿನ ಸಾವಿರಾರು ಎಕರೆ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗೇರಿನ ಹೂ ಹೀರುವ ಚಹಾ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು.

ತೋಟ ಗುಡ್ಡದ ಮೇಲೆ. ಮನೆ, ತೆರೆದ ಬಾವಿ, ನೀರಿನ ಸುರಂಗ, ತೋಡು, ಎಲ್ಲ ಕೆಳಗೆ ಕಣಿವೆಯಲ್ಲಿ. ಈ ಭೂಪಟವನ್ನು ಅರಿತ ಯಾರೂ ಮೇಲಿನಿಂದ ವಿಷ ಸುರಿಯುವ ಯೋಜನೆಗೆ ಒಪ್ಪುತ್ತಿರಲಿಲ್ಲ. ಆದರೆ ಯೋಜನೆ ಹಾಕಿದ್ದು ಭೂಪಟ ಅರಿತವರಲ್ಲ, ಇಳುವರಿಯ ಲೆಕ್ಕ ಇಟ್ಟವರು. ಎಣ್ಮಕಜೆ ಪಂಚಾಯತಿನ ಪಡ್ರೆಯಿಂದ ಕನ್ನಡದ ಕೃಷಿ ಪತ್ರಕರ್ತ ಶ್ರೀಪಡ್ರೆ 1980ರ ದಶಕದ ಆರಂಭದಲ್ಲೇ, ಅಂಗಹೀನವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದರು. ಆಮೇಲೆ ಅಲ್ಲಿಯದೇ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ಅಸಹಜ ಕಾಯಿಲೆಗಳನ್ನು ಪಟ್ಟಿ ಮಾಡಿದರು. 1998ರಲ್ಲಿ ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ಇದೇ ಜಿಲ್ಲೆಯ ಹೊಸದುರ್ಗದ ಮುನ್ಸಿಫ್ ನ್ಯಾಯಾಲಯಕ್ಕೆ ಹೋಗಿ ಸಿಂಪಡಣೆಗೆ ತಡೆ ತಂದರು. ಹೀಗೆ ಎಚ್ಚರಿಕೆ ಕೊಟ್ಟ ಈ ಮೂವರಲ್ಲಿ ಒಬ್ಬರಾದರೂ ಕಾರ್ಪೊರೇಷನ್ನಿನ ಒಳಗಿನಿಂದ ಬರಲಿಲ್ಲ ಎಂಬುದನ್ನು ಗಮನಿಸಬೇಕು. ತೋಟದೊಳಗೇ ದುಡಿಯುತ್ತಿದ್ದ, ವಿಷವನ್ನು ಬೆರೆಸುತ್ತಿದ್ದ, ಮೈಮೇಲೆ ಬೀಳಿಸಿಕೊಳ್ಳುತ್ತಿದ್ದ ಕಾರ್ಮಿಕರಿಗೆ ಏನೂ ಕಾಣಲಿಲ್ಲ ಎಂದು ನಂಬುವುದು ಕಷ್ಟ. ಹೇಳುವ ದಾರಿ ಇರಲಿಲ್ಲ ಎಂದು ನಂಬುವುದು ಸುಲಭ.

ಎಂಡೋಸಲ್ಫಾನಿಗೂ ಪ್ರತಿಯೊಂದು ಕಾಯಿಲೆಗೂ ಇರುವ ನೇರ ಸಂಬಂಧದ ಬಗ್ಗೆ ವಿಜ್ಞಾನಿಗಳಲ್ಲಿ ಕೆಲವರು ಇಂದಿಗೂ ತಕರಾರು ಎತ್ತುತ್ತಾರೆ. ಇಲ್ಲಿಯ ಪ್ರಶ್ನೆಗೆ ಆ ತಕರಾರು ಮುಗಿಯಬೇಕಿಲ್ಲ. ಸಂಶಯ ಬಂದ ದಿನ ಸಿಂಪಡಣೆ ನಿಲ್ಲಿಸಿ ಪರೀಕ್ಷಿಸುವ ವಾಡಿಕೆ ಒಂದು ಸಂಸ್ಥೆಗಿತ್ತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಇರಲಿಲ್ಲ. ಸುಪ್ರೀಂ ಕೋರ್ಟ್ 2011ರಲ್ಲಿ ದೇಶದಾದ್ಯಂತ ಎಂಡೋಸಲ್ಫಾನ್ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಆದೇಶಿಸಿತು. ಐದು ವರ್ಷದ ನಂತರ, 2022ರಲ್ಲಿ, 3,704 ಸಂತ್ರಸ್ತರಲ್ಲಿ 8 ಜನರಿಗಷ್ಟೇ ಹಣ ಕೊಟ್ಟದ್ದು ಕಂಡು ಅದೇ ಕೋರ್ಟ್ ರಾಜ್ಯ ಸರಕಾರವನ್ನು ತರಾಟೆಗೆ ತೆಗೆದುಕೊಂಡಿತು. ಆ ಹೊತ್ತಿಗೆ ಸರಕಾರಗಳು ಬದಲಾಗಿದ್ದವು, ಮಂತ್ರಿಗಳು ಬದಲಾಗಿದ್ದರು. ಕಡತ ನಡೆಯುವ ವೇಗ ಬದಲಾಗಿರಲಿಲ್ಲ.

ಒಳ್ಳೆಯ ವಾಡಿಕೆಯೂ ಕೈಕೊಡುವುದುಂಟು

ಇಷ್ಟು ಹೇಳಿದ ಮೇಲೆ, ಕಾರ್ಮಿಕರ ಕೈಗೆ ಆಡಳಿತ ಕೊಟ್ಟರೆ ಸಾಕು ಎಂಬ ತೀರ್ಮಾನಕ್ಕೆ ಹಾರುವವರಿಗೆ ಪಕ್ಕದ ಕಣ್ಣೂರಿನ ದಿನೇಶ್ ಬೀಡಿಯನ್ನು ತೋರಿಸಬೇಕು. ಬೀಡಿ ಕಾರ್ಮಿಕರ ಕಾನೂನು ಜಾರಿಗೆ ತರಲು ಹೊರಟಾಗ ಮಂಗಳೂರಿನ ಬೀಡಿ ಮಾಲೀಕರು 1968ರಲ್ಲಿ ಉತ್ತರ ಕೇರಳದ ಕೆಲಸ ನಿಲ್ಲಿಸಿದರು. ಬೀದಿಗೆ ಬಿದ್ದ ಕಾರ್ಮಿಕರು 1969ರಲ್ಲಿ ಸರಕಾರದ ನೆರವಿನಿಂದ ತಮ್ಮದೇ ಸಹಕಾರಿ ಕಟ್ಟಿದರು. ಬೀಡಿ ಸುತ್ತುತ್ತ ಕೂತವರಿಗೆ ಒಬ್ಬನು ಗಟ್ಟಿಯಾಗಿ ಪತ್ರಿಕೆ ಓದಿ ಹೇಳುವ ವಾಡಿಕೆ ಅಲ್ಲಿ ಪ್ರಸಿದ್ಧ. ಪ್ರಶ್ನೆ ಕೇಳುವುದು ಕೆಲಸದ ಭಾಗವೇ ಆಗಿದ್ದ ಜಾಗ ಅದು. 1980ರ ದಶಕದಲ್ಲಿ ಅದರ ಕಾರ್ಮಿಕರ ಸಂಖ್ಯೆ 40,000 ಮೀರಿತ್ತು. ಆಮೇಲೆ ಜನ ಬೀಡಿ ಸೇದುವುದನ್ನೇ ಕಡಿಮೆ ಮಾಡಿದರು. ಸಂಘ ಕೊಡೆ, ಮಸಾಲೆ ಪುಡಿ, ಐ.ಟಿ. ಎಂದು ಬೇರೆ ದಾರಿ ಹಿಡಿಯಿತು. ಹಿಂದಿನ ಗಾತ್ರ ಮರಳಲಿಲ್ಲ. ಒಳಗಿನ ಸುದ್ದಿ ಎಷ್ಟು ಚೆನ್ನಾಗಿ ಹರಿದರೂ ಹೊರಗಿನ ಮಾರುಕಟ್ಟೆ ಬತ್ತಿದರೆ ಏನು ಮಾಡುವುದು?

ಊರಾಳುಂಗಲ್ ಸಂಘವೂ ಕಲೆಯಿಲ್ಲದ ಕನ್ನಡಿಯಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಮೊಗ್ರಾಲ್ ಪುತ್ತೂರಿನಲ್ಲಿ ದಾರಿದೀಪದ ಕೆಲಸ ಮಾಡುತ್ತಿದ್ದಾಗ ಕ್ರೇನಿನ ಬುಟ್ಟಿ ಮುರಿದು ಬಿದ್ದು ಅದರ ಇಬ್ಬರು ಯುವ ಕಾರ್ಮಿಕರು ಸತ್ತರು. ಸರ್ವಿಸ್ ರಸ್ತೆಗಳಲ್ಲಿ ನೀರು ನಿಲ್ಲುವ ದೂರು, ಪಾದಚಾರಿಗಳು ರಸ್ತೆ ದಾಟಲು ದಾರಿಯಿಲ್ಲ ಎಂಬ ದೂರು ಉತ್ತರದ ಭಾಗದಲ್ಲೂ ಸಾಕಷ್ಟಿವೆ. ಅವುಗಳಲ್ಲಿ ಕೆಲವು ಪ್ರಾಧಿಕಾರದ ವಿನ್ಯಾಸದವು. ಆ ವಿನ್ಯಾಸ ಮಾಡುವಾಗ ರಸ್ತೆಯ ಆಚೆ ಬದಿಯಲ್ಲಿ ಶಾಲೆ, ಈಚೆ ಬದಿಯಲ್ಲಿ ಮನೆ ಇರುವವರನ್ನು ಕೇಳಿದವರಿಲ್ಲ. ಕೆಳಗಿನ ಸುದ್ದಿ ಮೇಲಕ್ಕೆ ಹೋಗದ ರೋಗ ಗುತ್ತಿಗೆದಾರರಿಗಷ್ಟೇ ಅಂಟಿದ್ದೇನೂ ಅಲ್ಲ.

ಮುಂದೆ ಏನಾಗಬಹುದು

2025ರ ಕುಸಿತಗಳ ನಂತರ ಪ್ರಾಧಿಕಾರದ ಕೈಯಲ್ಲಿರುವ ಮುಖ್ಯ ಅಸ್ತ್ರ ದಂಡ ಮತ್ತು ನಿಷೇಧ. ದಂಡ ಬೇಕೇ ಬೇಕು. ಆದರೆ ಗುಡ್ಡ ಕುಸಿದರೆ ಮಾತ್ರ ದಂಡ ಎಂದಾದರೆ, ಕುಸಿಯುವ ಸೂಚನೆಯನ್ನು ಬರೆದಿಡುವುದು ಗುತ್ತಿಗೆದಾರನಿಗೆ ಅಪಾಯ: ನಾಳೆ ಅದೇ ಕಾಗದ ‘ಗೊತ್ತಿದ್ದೂ ಸುಮ್ಮನಿದ್ದಿರಿ’ ಎಂಬುದಕ್ಕೆ ಸಾಕ್ಷಿಯಾಗುತ್ತದೆ. ಹಾಗಾಗಿ ಕಠಿಣ ದಂಡ ಬರುವಲ್ಲಿ ವರದಿಗಳು ಇನ್ನಷ್ಟು ಚೊಕ್ಕಟವಾಗುವ ಸಾಧ್ಯತೆ ಇದೆ, ಗುಡ್ಡಗಳು ಅಲ್ಲ. ನೀರು ಒಸರಿದ್ದನ್ನು ಮೊದಲೇ ತಿಳಿಸಿ ಕೆಲಸ ನಿಲ್ಲಿಸಿದವನಿಗೆ ಗಡುವಿನಲ್ಲಿ ವಿನಾಯಿತಿ, ಮುಚ್ಚಿಟ್ಟವನಿಗೆ ಎರಡು ಪಟ್ಟು ದಂಡ ಎಂಬ ಒಂದು ಸಾಲು ಒಪ್ಪಂದದಲ್ಲಿದ್ದರೆ ಮೇಲ್ವಿಚಾರಕನ ಲೆಕ್ಕ ಬದಲಾಗುತ್ತದೆ.

ಬೆದ್ರಡ್ಕದ ಕಾರ್ಖಾನೆಯ ಆಡಳಿತ ದೂರದ ದೆಹಲಿಯಿಂದ ದೂರದ ತಿರುವನಂತಪುರಕ್ಕೆ ಬಂದಿದೆ. ಜಿಲ್ಲೆಯ ತುದಿಯಲ್ಲಿ ಕೂತು ನೋಡುವವರಿಗೆ ಈ ಎರಡು ದೂರಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಸಾಮಾನು ಖರೀದಿಯ, ಸಣ್ಣ ರಿಪೇರಿಯ ತೀರ್ಮಾನಗಳು ಬೆದ್ರಡ್ಕದಲ್ಲೇ ಆಗುತ್ತವೆಯೋ, ಕಡತವಾಗಿ ದಕ್ಷಿಣಕ್ಕೆ ಪಯಣಿಸುತ್ತವೆಯೋ ಎಂಬುದನ್ನು ನೋಡಿದರೆ ಅದರ ಭವಿಷ್ಯ ಹೇಳಬಹುದು.

ಊರಾಳುಂಗಲ್ ಸಂಘಕ್ಕೆ ಬೇರೆ ಪರೀಕ್ಷೆ ಕಾದಿದೆ. ರಮೇಶನ್ ಪಾಲೇರಿ 1995ರಿಂದ ಅದರ ಅಧ್ಯಕ್ಷರು. ಸಣ್ಣ ರಸ್ತೆಗಳ ಗುತ್ತಿಗೆದಾರ ಸಂಘ ಸಾವಿರಾರು ಕೋಟಿಯ ಸಂಸ್ಥೆಯಾಗಿ ಬೆಳೆದದ್ದು ಅವರ ಕಾಲದಲ್ಲೇ. ಮೂರು ದಶಕ ಒಬ್ಬರೇ ಚುನಾಯಿತರಾಗುತ್ತ ಬಂದಾಗ ಸಂಘ ನಡೆಯುತ್ತಿರುವುದು ಸಂಜೆಯ ಆ ಸಭೆಯ ಬಲದಿಂದಲೋ, ಸಭೆಯ ನಡುವೆ ಕೂತ ವ್ಯಕ್ತಿಯ ಬಲದಿಂದಲೋ ಎಂದು ಹೊರಗಿನವರು ಹೇಳಲಾರರು. ಒಳಗಿನವರಿಗೂ ಖಚಿತವಾಗಿ ಗೊತ್ತಿರಲಿಕ್ಕಿಲ್ಲ. ತಲಪಾಡಿ–ಚೆಂಗಳ ರಸ್ತೆಯ ನಿರ್ವಹಣೆಯ ಅವಧಿ 15 ವರ್ಷ. ಅಷ್ಟರೊಳಗೆ ಆ ಕುರ್ಚಿಗೆ ಬೇರೊಬ್ಬರು ಬಂದಿರುತ್ತಾರೆ. ಚರಂಡಿ ಕಟ್ಟಿಕೊಂಡ ಸುದ್ದಿ ಕುಂಬಳೆಯಿಂದ ವಡಕರಕ್ಕೆ ಅಂದೂ ಅದೇ ದಿನ ಸಂಜೆ ತಲುಪುತ್ತದೆಯೇ ಎಂದು ಆ ರಸ್ತೆಯಲ್ಲಿ ದಿನಾ ಓಡಾಡುವ ಬಸ್ಸಿನವರಿಗೆ ತಾನಾಗಿ ಗೊತ್ತಾಗುತ್ತದೆ.